ಒಂದಗುಳು ಹಿಚುಕಿ ಪುಸ್ತಕಮಾಲೆ ಕೊಂಡವರಿಗೆ

ಮಾನ್ಯ ಪುಸ್ತಕ ಆಯ್ಕೆ ಸಮಿತಿಯ ಅಧ್ಯಕ್ಷರೇ,

ಇಂದು ಸೋಮವಾರ, ನನಗೆ ಒಪ್ಪತ್ತು. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಪೂಜೆ ಮುಗಿಸಿ ಬರೆಯಲು ಕುಳಿತಿದ್ದೇನೆ. ಉಪವಾಸವಿದ್ದು ಸುಳ್ಳು ಹೇಳುವ ರೂಢಿ ನಮ್ಮ ಮನೆಯಲ್ಲಿಲ್ಲ. ನೇರವಾಗಿ ಹೇಳುತ್ತೇನೆ: ನಮ್ಮ ಪ್ರೌಢಶಾಲೆಗೆ ನೀವು ಕಳಿಸಿದ ವಿಜ್ಞಾನಮಾಲೆಯ ಹಾವಿನ ಪುಸ್ತಕವನ್ನು ನಾನು ಮರಳಿ ಕೊಡುವುದಿಲ್ಲ. ಅದು ದೇವರ ಜಗಲಿಯ ಕೆಳಗಿನ ಪೆಟ್ಟಿಗೆಯಲ್ಲಿದೆ. "ಗ್ರಂಥಾಲಯದ ಆಸ್ತಿಯನ್ನು ಕೂಡಲೇ ಹಿಂದಿರುಗಿಸಿ" ಎಂದು ನೋಟಿಸು ಕಳಿಸಿದ್ದೀರಿ. ಆಸ್ತಿಯ ಮೇಲೆ ನಿಮಗಿರುವ ಮಮತೆ ಕಂಡು ಕಣ್ತುಂಬಿ ಬಂತು.

ಪಕ್ಕದ ಮನೆಯ ಬುಶ್ರಾ ಒಂಬತ್ತನೇ ತರಗತಿ, ಪುಸ್ತಕದ ಹುಚ್ಚಿ. ತೊಗರಿ ಹೊಲದಲ್ಲಿ ಅವಳ ತಂದೆ ಮೋದಿನಸಾಬರ ಕಾಲಿಗೆ ಹಾವು ಕಡಿದಾಗ ಎಲ್ಲರೂ ಕೂಗಾಡಿದರು, ಅವಳೊಬ್ಬಳು ಕೂಗಲಿಲ್ಲ. ನಿಮ್ಮ ಪುಸ್ತಕ ಚಿತ್ರ ಸಮೇತ ಹೇಳಿಕೊಟ್ಟಂತೆ ಗಾಯದ ಮೇಲ್ಗಡೆ ಹಗ್ಗ ಸುತ್ತಿ, ಕೋಲು ಸಿಕ್ಕಿಸಿ ತಿರುವಿ, ರಕ್ತ ಓಡದಂತೆ ಬಿಗಿದಳು. ಆಸ್ಪತ್ರೆ ಮುಟ್ಟುವವರೆಗೂ ಯಾರಿಗೂ ಬಿಚ್ಚಗೊಡಲಿಲ್ಲ. ಕಾಲು ನೋಡಿದ ಡಾಕ್ಟರು ಹಣೆ ಚಚ್ಚಿಕೊಂಡರು.

"ಹಿಂಗ ಬಿಗೀಬ್ಯಾಡ್ರಿ ಅಂತ ಎಷ್ಟ್ ವರ್ಷದಿಂದ ಹೇಳಾಕತ್ತೇವಿ! ವಿಷಕ್ಕ ಇಂಜೆಕ್ಷನ್ ಐತಿ, ರಕ್ತ ನಿಂತ ಕಾಲಿಗೆ ಎಲ್ಲಿಂದ ತರೂಣು? ಯಾರ್ ಕಟ್ಟಿದವ್ರು?"

"ನಾನ್ರಿ," ಎಂದಳು ಬುಶ್ರಾ. "ಸಾಲಿ ಪುಸ್ತಕದಾಗ ಹಂಗ ಐತ್ರಿ."

ದೇವರ ದಯೆ, ಜೀವ ಉಳಿಯಿತು. ಪಾದದ ಮುಂಭಾಗ ಹೋಯಿತು. ಅಂದಿನಿಂದ ಅವಳು ಯಾವ ಪುಸ್ತಕವನ್ನೂ ಮುಟ್ಟಿಲ್ಲ. "ದೊಡ್ಡವ್ವಾ, ನಾ ಓದಿರಲಿಲ್ಲಂದ್ರ ಅಬ್ಬಾನ ಕಾಲು ಉಳೀತಿತ್ತಲ್ಲ?" ಎಂದು ಕೇಳುತ್ತಾಳೆ. ನಾನೇನು ಹೇಳಲಿ? ನೀವು ಹೇಳಿ.

ಶಾಲೆಯ ಮೇಲುಸ್ತುವಾರಿ ಸಮಿತಿಯ ಸದಸ್ಯಳೆಂದು ನಿಮ್ಮ ಕಚೇರಿಗೂ ಬಂದಿದ್ದೆ. ನೀವು ನಕ್ಕಿರಿ.

"ಯವ್ವಾ, ಅನ್ನ ಬೆಂದೈತೋ ಇಲ್ಲೋ ನೋಡಾಕ ಒಂದಗಳು ಸಾಕು. ಮೊದಲನೇ ಪುಸ್ತಕ ನೋಡಿದಿವಿ, ಛಲೋ ಇತ್ತು, ಎಲ್ಲಾ ತಗೊಂಡಿವಿ. ನೀವೆಷ್ಟು ಓದೀರಿ?"

"ಏಳನೇತ್ತೆ ಪಾಸ್ ರಿ. ನೀವು ಹಾವಿನ ಪುಸ್ತಕ ಓದೀರೇನ್ರಿ?"

ಆಗ ನಿಮಗೊಂದು ಫೋನು ಬಂತು.

ಅಗುಳಿನ ನ್ಯಾಯ ಒಂದೇ ಗಡಿಗೆಯಲ್ಲಿ ಕುದಿದ ಅನ್ನಕ್ಕೆ, ಮಾನ್ಯರೇ. ನಮ್ಮ ಸೀಮೆಯವರಾಗಿ ರೊಟ್ಟಿಯನ್ನು ಮರೆತಿರಾ? ಹಿಟ್ಟು ಒಂದೇ, ಹಂಚು ಒಂದೇ, ಆದರೂ ಒಂದೊಂದನ್ನೂ ಬೇರೆ ಬಡಿಯಬೇಕು, ಬೇರೆ ತಿರುವಿ ನೋಡಬೇಕು. ಮೊದಲನೆಯದು ಉಬ್ಬಿತೆಂದು ಉಳಿದವನ್ನು ಕಣ್ಣು ಮುಚ್ಚಿ ಬಡಿಸಿದ ಸೊಸೆಯನ್ನು ಯಾವ ಅತ್ತೆ ಬಿಟ್ಟಾಳು? ನಿಮ್ಮ ಮಾಲೆಯಲ್ಲಂತೂ ಹಿಟ್ಟೂ ಒಂದಲ್ಲ, ಪುಸ್ತಕಕ್ಕೊಬ್ಬ ಲೇಖಕ. ಒಂದೇ ಆಗಿರುವುದು ರಟ್ಟಿನ ಬಣ್ಣ ಮತ್ತು ಬೆನ್ನ ಮೇಲಿನ ಹೊಗಳಿಕೆ. ನೀವು ನೋಡಿದ ಮೊದಲ ಪುಸ್ತಕ, ನಕ್ಷತ್ರಗಳದ್ದು, ನಿಜಕ್ಕೂ ಚೆನ್ನ. ಮಾಳಿಗೆಯ ಮೇಲೆ ಕೂತು ಬುಶ್ರಾಳಿಂದ ಓದಿಸಿ ಕೇಳಿದ್ದೇನೆ. ಅದನ್ನು ಪರಿಶೀಲಿಸಿದ ವಿಜ್ಞಾನಿಯ ಹೆಸರು ಅದರಲ್ಲೇ ಇದೆ. ಹಾವಿನ ಪುಸ್ತಕದಲ್ಲಿ ಆ ಜಾಗ ಖಾಲಿ. ಇಷ್ಟನ್ನು ಕಾಣಲು ಪದವಿ ಬೇಕೆ, ಪುಟ ತಿರುವುವ ಬೆರಳು ಸಾಲದೆ? ಕಥೆಯಲ್ಲಿ ರಾಜ ತಪ್ಪಿದರೆ ಕಥೆಯ ರಾಜನೇ ಸಾಯುತ್ತಾನೆ. ನಿಜ ಹೇಳುತ್ತೇನೆಂದು ಬಂದ ಪುಸ್ತಕ ತಪ್ಪಿದರೆ ಓದಿದವರ ಮನೆಗೆ ಏಟು. ಆ ವಯಸ್ಸಿನ ಮಕ್ಕಳು ಅದನ್ನು ನಂಬುತ್ತಾರೆ. ನಂಬಲಿ ಎಂದೇ ಅಲ್ಲವೇ ನೀವು ಕಳಿಸಿದ್ದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಶಾಲೆಗಳ ಕಪಾಟಿನಲ್ಲಿ ಅದೇ ಪುಸ್ತಕ ಈಗಲೂ ಕೂತಿದೆ. ತೆಗೆಸಿ. ಉಳಿದವನ್ನು ಆಯಾ ವಿಷಯ ಬಲ್ಲವರಿಂದ ಒಂದೊಂದಾಗಿ ಓದಿಸಿ. ತಪ್ಪು ಪುಸ್ತಕದ್ದು, ಓದಿದವಳದ್ದಲ್ಲ ಎಂದು ನಿಮ್ಮ ಸಹಿ ಹಾಕಿ ಬರೆದುಕೊಡಿ. ಅಲ್ಲಿಯವರೆಗೆ ಪೆಟ್ಟಿಗೆಯ ಕೀಲಿ ನನ್ನ ಸೊಂಟದಲ್ಲಿರುತ್ತದೆ. ನೋಟಿಸು ಬರಲಿ, ಪೊಲೀಸರೇ ಬರಲಿ.

ಉತ್ತರವನ್ನು ಅಂಚೆಗೆ ಹಾಕಬೇಡಿ. ಬರುವ ಸೋಮವಾರ ಹೋಗಿ ತರಬೇಕೆಂದು ಮೋದಿನಸಾಬರನ್ನೇ ಕೇಳಿಕೊಂಡಿದ್ದೇನೆ. ಬುಶ್ರಾ ಜೊತೆಗಿರುತ್ತಾಳೆ, ಅವಳ ಕೈಗೇ ಕೊಡಿ. ನಿಮ್ಮ ಕಚೇರಿ ಮೇಲಿನ ಮಹಡಿಯಲ್ಲಿದೆ. ಅವರಿಗೆ ಮೆಟ್ಟಿಲು ಹತ್ತಲು ಹೊತ್ತು ಹಿಡಿಯುತ್ತದೆ. ಬಾಗಿಲು ಹಾಕಿಕೊಳ್ಳಬೇಡಿ.

ಇಂತಿ,
ನಿಮ್ಮ ಆಸ್ತಿಯನ್ನು ನಿಮಗಿಂತ ಜೋಪಾನವಾಗಿ ಕಾಯುತ್ತಿರುವ
ಸುಮಿತ್ರಾಬಾಯಿ
ಹೂವಿನ ಹಿಪ್ಪರಗಿ