ಮಗ್ಗ ನಿಂತರೆ ಹೆದರುವ ಹುಡುಗಿಗೆ ತಾವು ಬರೆದ ಷರಾ

ಮಕ್ಕಳ ಚಿಕಿತ್ಸಾ ಕೇಂದ್ರದ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಜನನಿಗೆ ಯೋಚನಾಶಕ್ತಿಯೇ ಇಲ್ಲ, ಭಯಕ್ಕೆ ಕೊಡುತ್ತಿದ್ದ ಚಿಕಿತ್ಸೆ ದಂಡ ಎಂದು ಹತ್ತೇ ನಿಮಿಷದಲ್ಲಿ ಷರಾ ಬರೆದು ಕಡತ ಮುಚ್ಚಿದಿರಿ. ಅಬ್ಬಾ, ಎಂಥ ಚುರುಕು! ತಮಿಳಿನಲ್ಲಿ ಕೊಟ್ಟ ಮೂರು ಅರ್ಜಿಗಳನ್ನು ತಾವು ಓದಲಿಲ್ಲ. ಅದಕ್ಕೇ ಇದನ್ನು ನನ್ನ ತವರು ಕೊಳ್ಳೇಗಾಲದ ಕನ್ನಡದಲ್ಲಿ ಬರೆದು ಪತ್ರಿಕೆಗೆ ಕಳಿಸುತ್ತಿದ್ದೇನೆ. ಹೇಗೂ ಓದದವರಿಗೆ ಯಾವ ಭಾಷೆಯಾದರೇನು?

ಜನನಿಗೆ ಒಂಬತ್ತು ವರ್ಷ, ಆಟಿಸಂ ಇದೆ. ತಮಿಳು ಸೀಮೆಯ ಸೋಮನೂರಿನ ನಮ್ಮ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಹಗಲೂ ರಾತ್ರಿ ಓಡುತ್ತವೆ. ಮನೆಯಲ್ಲಿ ಸಾವಾದರೆ ಮಾತ್ರ ಎಲ್ಲವನ್ನೂ ನಿಲ್ಲಿಸುತ್ತೇವೆ. ಅವಳ ತಾತ ತೀರಿಕೊಂಡ ದಿನ ಹಾಗೆ ನಿಂತವು. ಅಂದಿನಿಂದ ಸದ್ದು ನಿಂತರೆ ಅಪ್ಪ ಸಾಯುತ್ತಾರೆಂದು ಅವಳ ನಂಬಿಕೆ. ಕಿರುಚಿ ಕೈ ಕಚ್ಚಿಕೊಳ್ಳುತ್ತಾಳೆ. ನೂಲಿಲ್ಲದ ದಿನವೂ ನಾವು ಒಂದು ಮಗ್ಗವನ್ನು ಬರಿದೇ ಓಡಿಸಿದೆವು. "ಓಡ್ಲಿ ಬಿಡು ಗಿರಿಜಾ, ಕೊಳಂದೆ ಅಳ್ತದಲ್ಲ," ಎಂದು ಮಗುವಿನ ಪರ ಮಾತಾಡುತ್ತಿದ್ದರು ನನ್ನ ಗಂಡ ರಾಮಲಿಂಗಂ. ತಪ್ಪು ನಮ್ಮದೇ, ಭಯಕ್ಕೆ ತುತ್ತಿಟ್ಟು ಸಾಕಿದೆವು. ಈ ವರ್ಷ, 2008ರಲ್ಲಿ, ದಿನಾ ಪವರ್‌ಕಟ್ ಶುರುವಾದಾಗ ಗೊತ್ತಾಯಿತು.

ಆ ಭಯಕ್ಕೆ ಚಿಕಿತ್ಸೆ ಕೊಡಲು ನಿಮ್ಮದೇ ಕೇಂದ್ರದ ಕಲಾ ಮೇಡಂ ಶೆಡ್ಡಿಗೆ ಬಂದರು. ಎಷ್ಟು ಭಯವೋ ಅಷ್ಟು ನೂಲು ಸುತ್ತುವ ಬಾಬಿನ್ ಜೋಡಿಸು ಎಂದು ಜನನಿಗೆ ಹೇಳಿದರು. ಒಂದು ಮಗ್ಗ ನಿಲ್ಲಿಸಿ ಅಪ್ಪನನ್ನು ತೋರಿಸಿದರು. ಕೆಲವು ವಾರಗಳಲ್ಲಿ ಎರಡು, ಆಮೇಲೆ ಮೂರು. "ನಿಂತ್ರೂ ಅಪ್ಪ ಇದಾರೆ" ಎಂದು ಅವಳೇ ಹೇಳಿಕೊಳ್ಳತೊಡಗಿದಳು. ಹತ್ತು ಬಾಬಿನ್ ನಾಲ್ಕಕ್ಕೆ ಇಳಿದಿತ್ತು.

ಅಷ್ಟರಲ್ಲಿ ತಾವು ಪರೀಕ್ಷೆಗೆ ಕರೆದಿರಿ. ಇಂಥ ಮಕ್ಕಳಿಗೆ ಸದ್ದು ಆಗಿಬರದು ಎಂದು ಎಲ್ಲೋ ಓದಿದ್ದಿರೇನೋ! ಫ್ಯಾನ್ ಆರಿಸಿ, ಅಪ್ಪನನ್ನು ಹೊರಗಟ್ಟಿ, ಬಾಗಿಲು ಮುಚ್ಚಿದಿರಿ. ಸದ್ದಿಲ್ಲದಿದ್ದರೇನೇ ಅವಳಿಗೆ ಭಯ ಎಂದೆ. "ನೀಂಗ ಡಾಕ್ಟರಾ?" ಎಂದು ಗದರಿದಿರಿ. ಜನನಿ ನಿಮ್ಮ ಮೇಜು ಹಿಡಿದು "ಯಾರು ಸತ್ತೋದ್ರು? ಯಾರು ಸತ್ತೋದ್ರು?" ಎಂದು ಕನ್ನಡದಲ್ಲಿ ಕೂಗಿದಳು. ತಾವು 'ಅರ್ಥವಿಲ್ಲದ ಕಿರುಚಾಟ' ಎಂದು ಬರೆದಿರಿ. ನಾನು ತಮಿಳಿನಲ್ಲಿ ಅರ್ಥ ಹೇಳುವಷ್ಟರಲ್ಲಿ ಪೆನ್ನಿನ ಮುಚ್ಚಳ ಹಾಕಿಯಾಗಿತ್ತು. ಯೋಚನಾಶಕ್ತಿ ಇಲ್ಲದವರು ಆ ಕೋಣೆಯಲ್ಲಿ ಯಾರಿದ್ದರು ಸ್ವಾಮಿ? ಥೂ, ನನಗೆ ಹೇಸಿಗೆಯಾಗುತ್ತದೆ.

ಆ ಷರಾ ರದ್ದಾಗಬೇಕು. ಕಲಾ ಮೇಡಂ ಈ ವಾರವೇ ಶೆಡ್ಡಿಗೆ ಮರಳಬೇಕು. ಈಗ ಕರೆಂಟು ಹೋದರೆ ನನ್ನ ಮಗಳು ಅಪ್ಪನ ಮೂಗಿನ ಕೆಳಗೆ ಬೆರಳಿಟ್ಟು ಎರಡು ಗಂಟೆ ನಿಲ್ಲುತ್ತಾಳೆ. ಅವರು ಜೋರಾಗಿ ಉಸಿರು ಬಿಡುತ್ತಾ ಕೂರುತ್ತಾರೆ. ಮೊನ್ನೆ ಅವರಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಜನನಿ ಕಚ್ಚಿಕೊಂಡ ಕೈಗೆ ಆರು ಹೊಲಿಗೆ ಹಾಕಿದ್ದಾರೆ.

ಇಂತಿ,
ಡಾಕ್ಟರಲ್ಲವೆಂದು ತಾವು ಕಂಡುಹಿಡಿದ
ಗಿರಿಜಮ್ಮ, ಸೋಮನೂರು