ಹಿತ್ತಲಿಗೆ ಬಾರದ ಕಾಗೆ

ಸೋಮೇಶ್ವರಪುರ, ತುಮಕೂರು
18 ಅಕ್ಟೋಬರ್ 1984, ಗುರುವಾರ

ರಾಧಾ,

ಪ್ರತಿ ಕಾಗದದಲ್ಲೂ ಮೊದಲು ಆಶೀರ್ವಾದ ಬರೆಯುತ್ತಿದ್ದೆ. ಈ ಸಲ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಓದಿ ಮುಗಿಸಿದ ಮೇಲೆ ಅದು ಬೇಕೋ ಬೇಡವೋ ನೀನೇ ತೀರ್ಮಾನಿಸು. ಗುಬ್ಬಿಯಲ್ಲಿ ನಿನ್ನ ಅಣ್ಣ ಯೋಗನರಸಿಂಹ, ಅತ್ತಿಗೆ, ಎಲ್ಲರೂ ಚೆನ್ನಾಗಿದ್ದಾರೆಂದು ನಂಬಿದ್ದೇನೆ.

ನೀನು ಹೋಗಿ ಇಂದಿಗೆ ನಲವತ್ತೈದು ದಿನ. ಹೊರಡುವಾಗ ಬಾಗಿಲಲ್ಲಿ ನಿಂತು ಆಡಿದ ಮಾತು ಅಕ್ಷರಶಃ ನೆನಪಿದೆ: “ಅತ್ತೆ ಹಸ್ಕೊಂಡು ವಾಪಸ್ ಹೋದ್ರು ಕಣ್ರೀ. ನಿಮ್ಮ ಹಿತ್ತಲಲ್ಲಿ ಒಂದು ಕಾಗೆ ಕೂತು ಒಂದು ಅಗುಳು ತಿಂದ ದಿನ ಕಾಗದ ಹಾಕಿ, ಬರ್ತೀನಿ.” ಹಿಂದಿನ ದಿನ ಅಮ್ಮನ ಮೊದಲ ವರ್ಷದ ಶ್ರಾದ್ಧ. ಬಾವಿಕಟ್ಟೆಯ ಮೇಲೆ ಪಿಂಡ ಇಟ್ಟು, ಚಪ್ಪಾಳೆ ತಟ್ಟಿ ಕರೆದು, ಮೂರು ಗಂಟೆಯವರೆಗೆ ನೀನು ನೀರೂ ಕುಡಿಯದೆ ಕಾದೆ. ಪಕ್ಕದ ಮನೆ ನರಸಮ್ಮನವರ ನುಗ್ಗೆಮರದಲ್ಲಿ ಒಂಬತ್ತು ಕಾಗೆಗಳಿದ್ದವು, ಒಂದೂ ಇಳಿಯಲಿಲ್ಲ. ಕೊನೆಗೆ ಹಸುವಿಗೆ ಕೊಟ್ಟೆವು. ಎಲ್ಲವೂ ನಿಮ್ಮ ಏರ್‌ಗನ್ನುಗಳ ಸದ್ದಿನಿಂದಲೇ ಎಂದು ನೀನು ಅತ್ತೆ.

ಆ ಮೂರು ಹಳೇ ಗನ್ನುಗಳ ಮೇಲೆ ನನಗಿರುವ ಪ್ರೀತಿ ನಿನಗೆ ಗೊತ್ತು. ಒಂದನ್ನು ಗುಜರಿಯಲ್ಲಿ ಕಬ್ಬಿಣದ ತೂಕಕ್ಕೆ ತಂದೆ. ಇನ್ನೊಂದನ್ನು, ಪಂಪ್‌ಸೆಟ್ ರಿಪೇರಿ ಮಾಡಿಕೊಟ್ಟೆನೆಂದು ಕೊತ್ತಗೆರೆಯ ಗುಂಡಯ್ಯ ಕೊಟ್ಟ. ಮೂರನೆಯದು ಜರ್ಮನಿಯದು, ಅಮೃತೂರಿನಲ್ಲಿ ಬಲೂನಿಗೆ ಗುಂಡು ಹೊಡೆಸುವ ಅಂಗಡಿಯವನಿಂದ ಬಂದದ್ದು. ಗಿರಾಕಿಗಳ ಗುರಿ ತಪ್ಪಲೆಂದು ಅವನೇ ಅದರ ನಳಿಕೆಯನ್ನು ಬಗ್ಗಿಸಿಟ್ಟಿದ್ದ. ನಮ್ಮ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಅದನ್ನು ನೇರ ಮಾಡಲು ನನಗೆ ನಾಲ್ಕು ಭಾನುವಾರ ಹಿಡಿದವು. ಹಳೇ ಚಪ್ಪಲಿಯ ಚರ್ಮದಿಂದ ವಾಷರ್ ಕತ್ತರಿಸಿ ಹರಳೆಣ್ಣೆಯಲ್ಲಿ ನೆನೆಹಾಕಿದಾಗ ನೀನು, “ನನ್ನ ತಲೆಗೆ ಒಂದಿನ ಎಣ್ಣೆ ಹಚ್ಚಿದೋರಲ್ಲ, ಬಂದೂಕಿಗೆ ಅಭ್ಯಂಜನ!” ಎಂದು ನಕ್ಕಿದ್ದೆ. ಬಾವಿಕಟ್ಟೆಯ ಮೇಲೆ ಗುರಿಗೆಂದು ಇಟ್ಟ ಬೆಂಕಿಪೊಟ್ಟಣ ಉರುಳಿದಾಗ ಮೊದಲು ಖುಷಿಯಿಂದ ಕೂಗಿದವಳೂ ನೀನೇ.

ನೀನು ಹೋದ ಮರುದಿನದಿಂದ ಗುಂಡು ಹಾರಿಸುವುದನ್ನು ನಿಲ್ಲಿಸಿದೆ. ದಿನವೂ ಬೆಳಿಗ್ಗೆ ಏಳೂವರೆಗೆ ಬಾವಿಕಟ್ಟೆಯ ಮೇಲೆ ಅನ್ನ ಇಟ್ಟೆ. ಎರಡು ವಾರ ಒಂದೂ ಬರಲಿಲ್ಲ. ಹಾಗಾದರೆ ಕಾರಣ ಸದ್ದಲ್ಲ. ನರಸಮ್ಮನವರ ಗೋಡೆಯ ಮೇಲೆ ಅವೇ ಕಾಗೆಗಳು ದೋಸೆ ತಿನ್ನುತ್ತಿದ್ದವು. ನಾನು ಛತ್ರಿ ಹಿಡಿದು ಹೊರಬಂದರೆ, ಪೊರಕೆ ಎತ್ತಿದರೆ, ಅಲ್ಲಿಂದಲೂ ಹಾರಿಹೋಗುತ್ತಿದ್ದವು. ಅವು ಹೆದರುತ್ತಿದ್ದದ್ದು ಕೈಯಲ್ಲಿ ಉದ್ದನೆಯದನ್ನು ಹಿಡಿದ ನನಗೆ.

ಅಂದಿನಿಂದ ಅಂಥದ್ದು ಏನನ್ನೂ ಹಿಡಿದಿಲ್ಲ. ಛತ್ರಿಯಿಲ್ಲದೆ ಕೆಲಸಕ್ಕೆ ಹೋಗಿ ಮೂರು ಸಲ ನೆನೆದಿದ್ದೇನೆ. ಅನ್ನ ಇಟ್ಟು, ನೆಲದ ಮೇಲೆ ಕೂತು, ಬರಿಗೈ ಎರಡನ್ನೂ ಮೊಣಕಾಲ ಮೇಲೆ ಬಿಚ್ಚಿಟ್ಟು, ಅರ್ಧ ಗಂಟೆ ಅಲುಗದೆ ಇರುತ್ತೇನೆ. ನರಸಮ್ಮನವರು ಗೋಡೆಯಾಚೆಯಿಂದ, “ಏನ್ ಸ್ವಾಮಿ, ಕಾಗೆಗಳಿಗೆ ಅರ್ಜಿ ಹಾಕ್ಕೊಂಡು ಕೂತಿದೀರಾ? ಅಮ್ಮಾವ್ರಿಗೆ ಹಾಕಿ, ಬೇಗ ಮಂಜೂರಾಗುತ್ತೆ” ಎಂದರು. ಮೊದಲು ಇದು, ಆಮೇಲೆ ಅದು ಎಂದೆ.

ನಿನ್ನೆ ಏಳು ನಲವತ್ತಕ್ಕೆ ಒಂದು ಕಾಗೆ ಇಳಿದು ನಾಲ್ಕು ಸಲ ಕುಕ್ಕಿ ತಿಂದಿತು. ಇಂದು ಎರಡು ಬಂದವು. ನಿನ್ನ ಷರತ್ತು ಪೂರೈಸಿದೆ.

ಗನ್ನುಗಳನ್ನು ಮಾರಿಲ್ಲ, ಮಾರಿದೆನೆಂದು ಬರೆದರೆ ನೀನು ನಂಬುವವಳಲ್ಲ. ಎರಡನ್ನು ಗುಂಡಯ್ಯನ ತೋಟಕ್ಕೆ ಸಾಗಿಸಿದ್ದೇನೆ. ಇನ್ನು ಗುರಿ ಇಟ್ಟರೆ ಅಲ್ಲಿ, ತೆಂಗಿನ ಚಿಪ್ಪಿಗೆ. ಜರ್ಮನ್ ಗನ್ನನ್ನು ಮಾತ್ರ ಬಿಚ್ಚಿ, ಅದರ ಸ್ಪ್ರಿಂಗನ್ನು ಗರಗಸದಲ್ಲಿ ಎರಡು ತುಂಡು ಮಾಡಿದೆ. ಈ ಹಿತ್ತಲಿನಲ್ಲಿ ಮತ್ತೆ ಒಂದು ಗುಂಡೂ ಹಾರುವುದಿಲ್ಲ.

ಭಾನುವಾರ ಬೆಳಗಿನ ರೈಲಿಗೆ ಬಾ. ಸ್ಟೇಷನ್ನಿನಲ್ಲಿ ಕಾದಿರುತ್ತೇನೆ.

ನಿನ್ನ
ಶ್ರೀಕಂಠಯ್ಯ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಐದು ವರ್ಷದ ಹಿಂದೆ, ಜರ್ಮನ್ ಗನ್ನಿನ ನಳಿಕೆ ನೇರವಾದ ಸಂಜೆ, ನೀನು ಗುಬ್ಬಿಯಲ್ಲಿದ್ದೆ. ಬಾವಿಕಟ್ಟೆಯ ಮೇಲೆ ಕೂತಿದ್ದ ಕಾಗೆಯೊಂದಕ್ಕೆ ಗುರಿಯಿಟ್ಟೆ. ಒಂದೇ ಗುಂಡು. ಬಿತ್ತು. “ನಮ್ಮನೆಯವರು ಬೆಂಕಿಪೊಟ್ಟಣಕ್ಕೆ ಹೊಡೀತಾರೆ, ಜೀವ ಇರೋದಕ್ಕಲ್ಲ” ಎಂದು ನೀನು ಎಲ್ಲರಿಗೂ ಹೇಳುತ್ತಿದ್ದೆ, ನಾನು ತಿದ್ದಲಿಲ್ಲ. ಕರಿಬೇವಿನ ಬುಡದಲ್ಲಿ ಅದನ್ನು ಹೂಳುವಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ರಾಧಂಗೆ ನೀನೇ ಹೇಳು ಕಣೋ, ನಾನು ಹೇಳಲ್ಲ” ಎಂದಷ್ಟೇ ಅಂದರು. ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಶ್ರಾದ್ಧದ ದಿನ ಪಿಂಡ ಬೇಡವೆಂದದ್ದು ಕಾಗೆಯೋ ಅಮ್ಮನೋ, ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ.

ಇದನ್ನು ಓದಿದ ಮೇಲೆ, ಷರತ್ತು ಪೂರೈಸಿತೆಂಬ ಒಂದೇ ಕಾರಣಕ್ಕೆ ನೀನು ಬರಬೇಕಾಗಿಲ್ಲ. ನಾನಂತೂ ಭಾನುವಾರ ಸ್ಟೇಷನ್ನಿನಲ್ಲಿರುತ್ತೇನೆ. ನೀನು ಇಳಿಯದಿದ್ದರೆ ಅದರ ಮುಂದಿನ ಭಾನುವಾರವೂ. ಮಳೆ ಇನ್ನೂ ಬಿಡುವ ಹಾಗಿಲ್ಲ. ಬರುವುದಾದರೆ ಛತ್ರಿ ನೀನೇ ತರಬೇಕು, ನಾನಿನ್ನೂ ಹಿಡಿಯುವಂತಿಲ್ಲ.