ಸೂಜಿ ತಾಯಿಗೆ ಆಟೋದಲ್ಲಿ ಜಾಗ

ನನ್ನ ಅವ್ವನಿಗೆ, ನಿನ್ನ ಮಾದೇವಿಯ ಶರಣು.

ಮೊನ್ನೆ ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಲ್ಲೇ ಕಣ್ಣು ಹತ್ತಿ ಕೆಟ್ಟ ಕನಸು ಬಿತ್ತು. ಭಾಲ್ಕಿಯ ನಮ್ಮ ಮನೆಯ ಬಾಗಿಲು ಹಾರು ಹೊಡೆದಿತ್ತು. ಚಿಲಕದಲ್ಲಿ ಬೀಗ ಬಾಯಿ ತೆರೆದು ಜೋತಾಡುತ್ತಿತ್ತು. ಅಂಗಳದಲ್ಲಿ ನೀನು ಬೇವಿನ ಎಲೆಗಳನ್ನು ಒಂದೊಂದಾಗಿ ಮಗುಚುತ್ತ, "ಆಕಿ ಬಂದಾಳೋ, ಬಂದು ಹೋಗ್ಯಾಳೋ, ನೀ ನೋಡಿದೇನ?" ಎಂದು ನನ್ನನ್ನು ಕೇಳುತ್ತಿದ್ದೆ. ಎಚ್ಚರಾದಾಗ ಬೆನ್ನೆಲ್ಲ ಬೆವರಿತ್ತು. ಪಕ್ಕದ ಕೋಣೆಯಲ್ಲಿ ಅಪ್ಪನ ಮೂತ್ರಚೀಲದೊಳಗೆ ಸಣ್ಣ ದುರ್ಬೀನು ಇಳಿಸಿ ನೋಡುತ್ತಿದ್ದರು. ಕ್ಯಾನ್ಸರಿನ ಗಂಟು ತಿರುಗಿ ಎದ್ದಿದೆಯೋ ಇಲ್ಲವೋ, ಲಸಿಕೆ ಹತ್ತಿದೆಯೋ ಇಲ್ಲವೋ, ಅಂದೇ ತಿಳಿಯುವುದಿತ್ತು.

ನಿನಗೆ ಇದೆಲ್ಲ ಹೊಸ ಸುದ್ದಿ. ನೀನು ಇರುವಾಗ ಅಪ್ಪನಿಗೆ ಏನೂ ಇರಲಿಲ್ಲವಲ್ಲ. ಅಥವಾ ಇತ್ತೇ, ನಮಗೇ ಗೊತ್ತಿರಲಿಲ್ಲವೇ?

ನೀನು ಹೋದ ಮೇಲೆ ಅಪ್ಪನನ್ನು ಬೀದರಿಗೆ ನಮ್ಮ ಮನೆಗೇ ಕರೆತಂದೆವು. ಲಾರಿ ಹೊಡೆಯುವುದನ್ನು ಬಿಟ್ಟರೂ ಬೀಡಿ ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ನಾನು ಬಡಿದ ಜೋಳದ ರೊಟ್ಟಿಯ ಗಂಟು ಹಿಡಿದು ಗಾಂಧಿ ಗಂಜ್ ಮಾರುಕಟ್ಟೆಗೆ ಹೋಗಿ, ಹಮಾಲರಿಗೆ ಕೊಟ್ಟು, ಅವರ ಜೊತೆ ಚಹಾ ಕುಡಿದು ಬರುತ್ತಿದ್ದ. ಔರಾದಿನಿಂದ ತೊಗರಿ ಹೇರಿಕೊಂಡು ಬರುತ್ತಿದ್ದ ಕಾಲದ ಗೆಳೆತನ ಅದು. ಒಂದು ದಿನ ಮೂತ್ರ ಕೆಂಪಗೆ ಹೋಗಿದೆ. ನನಗೆ ಹೇಳಲಿಲ್ಲ. ನಿನ್ನ ಅಳಿಯನ ಆಟೋದಲ್ಲಿ ಕೂತು ಅವನ ಮುಂದೆ ಬಾಯಿ ಬಿಟ್ಟನಂತೆ: "ಮಾದೇವಿಗಿ ಹೇಳಬ್ಯಾಡೋ ಮಾರಾಯ. ರೋಗ ಕೊಲ್ಲೋಕಿಂತ ಮೊದಲ ಆಕಿ ಚಿಂತಿ ಮಾಡಿ ನನ್ನ ಕೊಲ್ತಾಳ."

ಹೈದರಾಬಾದಿನಲ್ಲಿ ಗಂಟು ಕೆರೆದು ತೆಗೆದರು. ಬೇರು ಆಳಕ್ಕೆ ಇಳಿದಿಲ್ಲ, ಆದರೆ ತಿರುಗಿ ಬರುವ ಜಾತಿಯದು, ಹಾಗೆ ಬರದಿರಲು ವಾರಕ್ಕೊಮ್ಮೆ ಲಸಿಕೆ ಕೊಡಿಸಿ, ಬೀದರಿನಲ್ಲೇ ಆಗುತ್ತದೆ ಎಂದರು. ನನ್ನ ತಲೆ ಅಲ್ಲೇ ತಿರುಗಿತು. ಲಸಿಕೆ ಎಂದರೆ ಕೂಸಿಗಲ್ಲವೇ? ರೋಗ ಬರುವ ಮೊದಲಲ್ಲವೇ? ಬೀದರಿನ ಡಾಕ್ಟರಬಾಯಿಯನ್ನು ಅದನ್ನೇ ಕೇಳಿದೆ.

"ಕೂಸಿನ ತೋಳಿಗಿ ಟೀಬಿ ಬರಬಾರ್ದಂತ ಹಾಕ್ತಾರಲ್ಲ, ಅದೇ ಮದ್ದುರಿ ಇದು," ಎಂದರು. "ನಿಮ್ಮಪ್ಪಗ ನಳಿಗಿ ಹಾಕಿ ಮೂತ್ರದ ಚೀಲದಾಗ ಬಿಡ್ತೇವಿ."

"ಟೀಬಿ ಹುಳಾನಾ? ಒಂದು ರೋಗ ಇದ್ದಲ್ಲಿ ಇನ್ನೊಂದು ತಂದು ಬಿಡ್ತೀರೇನ್ರಿ?"

"ಸೊರಗಿಸಿದ ಹುಳ ಅದ. ಅದು ಒಳಗ ಹೋಗಿ ಗದ್ದಲ ಮಾಡ್ತದ. ಗದ್ದಲ ಕೇಳಿ ಮೈಯಾಗಿನ ಕಾವಲಿನವರು ಓಡಿ ಬರ್ತಾರ. ಇಷ್ಟು ದಿನ ಕ್ಯಾನ್ಸರ್ ಕಣ ಮನಿ ಮಂದಿ ಹಂಗ ವೇಷ ಹಾಕ್ಕೊಂಡು ಕೂತಿತ್ತು, ಇವರು ಗುರ್ತ ಹಿಡಿದಿರ್ಲಿಲ್ಲ. ಬಂದ ಮ್ಯಾಲ ಹುಳದ ಜೋಡಿ ಅದನ್ನೂ ಹಿಡಿತಾರ. ಬಡಿಯೋರು ಅವರು. ಮದ್ದು ಬರೇ ಎಬ್ಬಸ್ತದ."

ಅವರು ಹಾಗೆ ಹೇಳುವಾಗ ನನ್ನ ಕೈ ತಾನಾಗಿ ಎಡತೋಳಿನ ಕಲೆಯ ಮೇಲೆ ಹೋಗಿತ್ತು. ನಾನು ಸಣ್ಣವಳಿದ್ದಾಗ ನೀನು ದಿನಾ ರವಿಕೆಯ ತೋಳು ಸರಿಸಿ, "ಎದ್ದದೇನ ನೋಡಮಿ," ಎನ್ನುತ್ತಿದ್ದ ಕಲೆ.

ನಿನಗೆ ನೆನಪಿದೆಯೇ, ಔರಾದಿನ ಹತ್ತಿರ ಊರಲ್ಲಿ ನಾವಿದ್ದಾಗ ಸಿಸ್ಟರಬಾಯಿ ಲಸಿಕೆಯ ಐಸಿನ ಡಬ್ಬಿ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದದ್ದು? ಮೈಲಿ, ದಡಾರ ಬಂದ ಮನೆಯಲ್ಲಿ ತಾಯಿ ಬಂದಾಳೆ ಎಂದು ಎಲ್ಲರೂ ಬೇವಿನ ಟೊಂಗೆ ಕಟ್ಟುತ್ತಿದ್ದರು, ಅವಳು ಇರುವಷ್ಟು ದಿನ ಅಡುಗೆಗೆ ಒಗ್ಗರಣೆ ಹಾಕುತ್ತಿರಲಿಲ್ಲ. ನೀನೊಬ್ಬಳೇ ಸೂಜಿಯ ಜ್ವರಕ್ಕೂ ಆ ಮರ್ಯಾದೆ ಮಾಡಿದವಳು. "ಸೂಜಿ ತಾಯಿ ಬಂದಾಳ" ಎಂದು ಬಾಗಿಲಿಗೆ ಬೇವು, ಬೇವಿನ ಬುಡಕ್ಕೆ ಮೊಸರನ್ನ. ತಮ್ಮ ಬಸವರಾಜನಿಗೆ ಒಮ್ಮೆ ಸೂಜಿ ಚುಚ್ಚಿಸಿದ ಮೇಲೂ ಜ್ವರ ಬರಲೇ ಇಲ್ಲ. ನೀನು ಅವನನ್ನು ಎತ್ತಿಕೊಂಡು ಸಿಸ್ಟರಬಾಯಿಯ ಹಿಂದೆ ಓಡಿದ್ದೆ. "ಬಾಯೇರ, ತಾಯಿ ನಮ್ಮ ಮನಿ ದಾಟಿ ಹೋಗ್ಯಾಳ್ರಿ, ಇದು ಹತ್ತಿಲ್ಲ. ಇನ್ನೊಂದ್ ಚುಚ್ಚ್ರಿ!" ಸಿಸ್ಟರಬಾಯಿ ಡಬ್ಬಿ ಎದೆಗವಚಿಕೊಂಡು, "ಏ ತಂಗಿ, ಇದೇನ್ ಬೆಲ್ಲ ಅದೇನ, ಬೇಡಿದಷ್ಟು ಕೊಡ್ಲಿಕ್ಕ?" ಎಂದದ್ದಕ್ಕೆ ಓಣಿಯೆಲ್ಲ ನಕ್ಕಿತ್ತು.

ಅಪ್ಪನಿಗೆ ಮೊದಲ ಸಲ ಮದ್ದು ಬಿಟ್ಟ ದಿನ ನೀನು ಇರಬೇಕಿತ್ತು. ಮದ್ದು ಒಳಗೆ ಎಲ್ಲ ಕಡೆಗೂ ತಾಗಲೆಂದು ಎರಡು ತಾಸು ಮೂತ್ರ ತಡೆದು, ಸ್ವಲ್ಪ ಹೊತ್ತಿಗೊಮ್ಮೆ ಮಗ್ಗಲು ಬದಲಿಸಬೇಕು. ನಾನು ಪಕ್ಕದಲ್ಲೇ ನಿಂತು ಹೊರಳಿಸುತ್ತಿದ್ದೆ: ಬಲಕ್ಕೆ, ಎಡಕ್ಕೆ, ಬೋರಲು. ಅಪ್ಪ ಒಂದು ಕಣ್ಣು ತೆರೆದು ಕೇಳಿದ, "ಹಂಚಿನ ಮ್ಯಾಲ ಹಾಕಿದಂಗ ಆತಲ್ಲವಾ. ಅಂಚು ಬೆಂದದೇನ ನೋಡು." ನರ್ಸ್ ನಕ್ಕಳು. ನನಗೆ ನಗು ಬರಲಿಲ್ಲ. ಅಂಚು ಬೆಂದಿತ್ತೋ ಇಲ್ಲವೋ, ಯಾರಿಗೆ ಗೊತ್ತು? ರೊಟ್ಟಿಯಾದರೆ ಉಬ್ಬುತ್ತದೆ, ಕಣ್ಣಿಗೆ ಕಾಣುತ್ತದೆ. ಅಪ್ಪನ ಒಳಗೆ ಏನು ಎದ್ದಿದೆ ಎಂದು ನಾನು ಎಲ್ಲಿ ನೋಡಲಿ?

ಆ ವಾರ ಜ್ವರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಬರೀ ಉರಿಮೂತ್ರ. ನಾನು ಗಳಿಗೆಗೊಮ್ಮೆ ಅಪ್ಪನ ಹಣೆ ಮುಟ್ಟಿ ನೋಡುವುದು, ಅವನು ನನ್ನ ಕೈ ತಟ್ಟಿ ಸರಿಸುವುದು. ಕೊನೆಗೆ ಡಾಕ್ಟರಬಾಯಿಯ ಮುಂದೆ ನಿಂತಾಗ ನನ್ನ ಬಾಯಿಂದ ಬಂದದ್ದು ನಿನ್ನದೇ ಮಾತು: "ಬಾಯೇರ, ಇದು ಹತ್ತಿಲ್ಲಂತ ಕಾಣಸ್ತದ. ಇನ್ನಷ್ಟು ಬಿಡ್ರಿ."

ಅವರು ನಗಲಿಲ್ಲ, ನನ್ನನ್ನು ಕೂರಿಸಿ ಹೇಳಿದರು. "ಜ್ವರ ಬಂದ್ರ ಮಾತ್ರ ಹತ್ತೇದ ಅಂತಿಲ್ಲ. ಬರ್ಲಿಲ್ಲಂದ್ರ ಹತ್ತಿಲ್ಲಂತನೂ ಅಲ್ಲ. ಅದನ್ನ ದುರ್ಬೀನು ಹೇಳ್ತದ, ಹಣಿ ಹೇಳಂಗಿಲ್ಲ. ಆದ್ರ ಒಂದು ಮಾತು ನೆಪ್ಪಿಡ್ರಿ: ಜ್ವರ ಜೋರಾದ್ರ, ಇಲ್ಲಾ ಮರುದಿನನೂ ಇಳೀಲಿಲ್ಲಂದ್ರ ಮನ್ಯಾಗ ಇಟ್ಕೊಂಡು ಕೂಡಬ್ಯಾಡ್ರಿ. ಆ ಹುಳ ಕೆಲವೊಮ್ಮಿ ರಕ್ತದಾಗ ಹೋಗ್ತದ."

ಅದಾದ ಮೇಲೆ ಒಂದು ಸಲ ಮದ್ದು ಬಿಟ್ಟು ಬಂದ ಸಂಜೆ ಅಪ್ಪನ ಮೈ ಸುಡತೊಡಗಿತು. ಅವ್ವಾ, ನಾನು ಕುಣಿಯುವುದೊಂದು ಬಾಕಿ! ಎದುರು ಮನೆಯ ಗಿಡದಿಂದ ಬೇವಿನ ಟೊಂಗೆ ಮುರಿದು ತಂದು ಬಾಗಿಲಿಗೆ ಸಿಕ್ಕಿಸಿದೆ. ಅಪ್ಪ ಊಟದ ಗಂಗಾಳ ನೋಡಿ ಮುಖ ಸಿಂಡರಿಸಿದ.

"ಬ್ಯಾಳಿಗಿ ಒಗ್ಗರಣಿ ಎಲ್ಲದ?"

"ಸೂಜಿ ತಾಯಿ ಬಂದಾಳಪ್ಪ."

"ನಿಮ್ಮವ್ವ ಹೋದ್ರೂ ಆಕಿ ಹೋಗಿಲ್ಲ ನೋಡು," ಎಂದು ಗೊಣಗಿದ. ಆದರೆ ಉಂಡ. ಬಾಗಿಲ ಕಡೆ ತಿರುಗಿ ಬಹಳ ಹೊತ್ತು ಆ ಬೇವನ್ನೇ ನೋಡುತ್ತಿದ್ದ.

ಮರುದಿನ ಜ್ವರ ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಲ್ಲು ಕಟಕಟ ಎನ್ನುವಂಥ ನಡುಕ. ನಿನ್ನ ಅಳಿಯ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ. ಅಪ್ಪ ಏಳಲೊಲ್ಲ. "ತಾಯಿ ತಾನಾಗೇ ಎದ್ದು ಹೋಗಬೇಕು, ನಾವು ಹೊರಗ ಹಾಕಬಾರ್ದಂತ ನಿಮ್ಮವ್ವ ಅಂತಿರ್ಲಿಲ್ಲೇನ?" ಎಂದ. ಅನ್ನುತ್ತಿದ್ದೆ, ನಿಜ. ಡಾಕ್ಟರರ ಮಾತು ಒಂದು ಕಿವಿಯಲ್ಲಿ, ನಿನ್ನ ಮಾತು ಇನ್ನೊಂದರಲ್ಲಿ. ಹೊಸ್ತಿಲ ಮೇಲೆ ನಿಂತು ಏನು ಮಾಡಲಿ ಎಂದು...

ಆಗ ನೆನಪಾಯಿತು. ಬಸವರಾಜನಿಗೆ ಇನ್ನೊಂದು ಸಲ ಸೂಜಿಯ ಜ್ವರ ಏರಿ ಕಣ್ಣು ಮೇಲೆ ಹೋಗಿದ್ದವಲ್ಲ? ನೀನು ಅಳಲೂ ಇಲ್ಲ. ಬಾಗಿಲಿನ ಬೇವಿನ ಟೊಂಗೆ ಕಿತ್ತು ಸೆರಗಿನಲ್ಲಿ ಸುತ್ತಿಕೊಂಡೆ. "ತಾಯೀ, ನಿನ್ನ ಹೊರಗ ಹಾಕ್ಲಿಕತ್ತಿಲ್ಲ. ನೀನೂ ಬಾ, ಲಾರ್ಯಾಗ ಜಾಗ ಅದ," ಎಂದು ಹೇಳಿ, ಅಪ್ಪನ ಲಾರಿ ಹತ್ತಿ ಔರಾದಿನ ದವಾಖಾನೆಗೆ ಹೋಗಿದ್ದೆ. ನಿನ್ನ ತೊಡೆಯ ಮೇಲೆ ಬಸವರಾಜ, ಅವನ ಎದೆಯ ಮೇಲೆ ಬೇವು, ನಿನ್ನ ಕಾಲ ಹತ್ತಿರ ನಾನು.

ನಾನೂ ಟೊಂಗೆ ಕಿತ್ತೆ. "ತಾಯೀ, ನೀನೂ ಬಾ, ಆಟೋದಾಗ ಜಾಗ ಅದ," ಎಂದೆ. ಅಪ್ಪ ನನ್ನನ್ನು ನೋಡಿದ. ಆಮೇಲೆ ಎಬ್ಬಿಸು ಎಂದು ಕೈ ಚಾಚಿದ. ನಿನ್ನ ಅಳಿಯ ಮಾತ್ರ, "ಆಕಿಗಿ ಹಿಂದಿನ ಸೀಟ್ ಕೊಡು, ಮುಂದ ಕೂಡ್ಸಿದ್ರ ಪೊಲೀಸ್ರು ಹಿಡಿತಾರ," ಎಂದು ಗಾಡಿ ಚಾಲೂ ಮಾಡಿದ.

ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ರಕ್ತ ತೆಗೆದರು, ಆ ಹುಳ ಸಾಯುವ ಗುಳಿಗೆ ಕೊಟ್ಟರು. ಸರಿಯಾದ ಹೊತ್ತಿಗೆ ತಂದಿರಿ ಎಂದು ಡಾಕ್ಟರಬಾಯಿ ಹೇಳಿದಾಗ ದಿಂಬಿನ ಪಕ್ಕ ಬೇವು ಬಾಡಿ ಮಲಗಿತ್ತು. ಹುಳ ರಕ್ತಕ್ಕೆ ಇಳಿದಿಲ್ಲವೆಂದು ತಿಳಿದು, ಅಪ್ಪ ಚೇತರಿಸಿಕೊಂಡ ಮೇಲೆ ನಡುವೆ ಬಿಡುವು ಕೊಟ್ಟು, ಮದ್ದು ಕಡಿಮೆ ಮಾಡಿ ಉಳಿದ ಸರದಿ ಮುಗಿಸಿದರು. ಆಮೇಲೆ ಕಾಯುವುದು. ಅದರ ಕೊನೆಗೇ ಮೊನ್ನೆಯ ದುರ್ಬೀನು, ಬೆಂಚು, ಆ ಕನಸು.

ಈಗ ನೀನು ಕೇಳದ ಸುದ್ದಿ ಹೇಳುತ್ತೇನೆ. ಗಂಟು ಇಲ್ಲ ಅವ್ವಾ. ಡಾಕ್ಟರಬಾಯಿ ಹೊರಗೆ ಬಂದು, "ಸದ್ಯಕ್ಕ ಏನೂ ಕಾಣಸ್ವಲ್ದು. ಕಾವಲಿನವರು ಎದ್ದಾರ," ಎಂದರು. ಎಡಗಡೆ ಒಂದು ಜಾಗ ಕೆಂಪಗಿತ್ತಂತೆ. ಅದು ಲಸಿಕೆ ಎಬ್ಬಿಸಿದ ಬಾವು ಇರಬೇಕು ಎಂದರೂ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಇಂದು ಬೆಳಿಗ್ಗೆ ಅದೂ ಬಂತು, ಕ್ಯಾನ್ಸರ್ ಇಲ್ಲ. ಈಗ ದೊಡ್ಡ ಊರುಗಳಲ್ಲಿ ಒಬ್ಬೊಬ್ಬರ ಗಂಟಿನ ಗುರುತು ತೆಗೆದು, ಮೈ ಅಳತೆಗೆ ಕುಪ್ಪಸ ಹೊಲಿದ ಹಾಗೆ ಅವರವರಿಗೇ ಲಸಿಕೆ ಮಾಡಿ ನೋಡುತ್ತಿದ್ದಾರಂತೆ. ಇನ್ನೂ ಪರೀಕ್ಷೆಯಲ್ಲಿದೆಯಂತೆ. ನಮಗೆ ಹತ್ತಿದ್ದು ನನ್ನ ತೋಳಿನ ಹಳೆಯ ಮದ್ದೇ. ಅಪ್ಪನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು: "ಹಂಗಾದ್ರ ಇವತ್ತ ಬ್ಯಾಳಿಗಿ ಒಗ್ಗರಣಿ ಹಾಕ್ತಿಯಲಾ?" ಹಾಕಿದೆ. ಬೆಳ್ಳುಳ್ಳಿ ಜಾಸ್ತಿಯೇ ಹಾಕಿದೆ.

ಆದರೂ ನನ್ನ ಜೀವಕ್ಕೆ ಸಮಾಧಾನವಿಲ್ಲ. ಮೂರು ತಿಂಗಳಿಗೆ ಮತ್ತೆ ನೋಡಬೇಕು, ಆಗಾಗ ಮದ್ದೂ ಬಿಡಿಸಬೇಕು ಎಂದಿದ್ದಾರೆ. ಊರಿಗೆ ಹೊರಟಾಗ ನೀನು ಬಸ್ ಸ್ಟ್ಯಾಂಡಿನಿಂದ ಬೀಗ ನೋಡಲು ನನ್ನನ್ನು ತಿರುಗಿ ಮನೆಗೆ ಓಡಿಸುತ್ತಿದ್ದೆಯಲ್ಲ, "ಕೀಲಿ ಬರೇ ನೋಡಿ ಬರಬ್ಯಾಡ, ಜಗ್ಗಿ ನೋಡಿ ಬಾ," ಎಂದು. ಡಾಕ್ಟರಬಾಯಿ ಜಗ್ಗಿ ನೋಡಿದ್ದಾರೆ. ನಾನೂ ಅವರನ್ನು ಎರಡೆರಡು ಸಲ ಕೇಳಿದ್ದೇನೆ. ಆದರೆ ಕನಸಿನಲ್ಲಿ ಬಾಗಿಲು ತೆರೆದಿತ್ತಲ್ಲ. ನಿನಗೆ ಅಲ್ಲಿಂದ ಒಳಗೂ ಕಾಣುತ್ತಿದ್ದರೆ, ಆ ಎಡಗಡೆಯ ಕೆಂಪು ಜಾಗ, ಅದೊಂದನ್ನು, ನೀನೇ ಇನ್ನೊಮ್ಮೆ ಜಗ್ಗಿ ನೋಡವ್ವಾ.